ಬೀರುವಿನೊಳಗೇ ಉಳಿದ ಕಿವಿ ಮಿಷನ್

ಕೈ ತೊಳೆಯುವುದರಲ್ಲಿ ಎಷ್ಟು ಕೆಲಸಗಳಿವೆ? ನಲ್ಲಿ ತಿರುಗಿಸಬೇಕು, ಕೈ ಒದ್ದೆ ಮಾಡಿಕೊಳ್ಳಬೇಕು, ಸೋಪು ಹಚ್ಚಬೇಕು, ಉಜ್ಜಬೇಕು, ನೊರೆ ಹೋಗುವಂತೆ ತೊಳೆಯಬೇಕು, ನಲ್ಲಿ ನಿಲ್ಲಿಸಬೇಕು, ಟವೆಲಿಗೆ ಒರೆಸಿಕೊಳ್ಳಬೇಕು. ಮರೆವಿನ ಕಾಯಿಲೆ ಬಲಿತ ಹಿರಿಯರಿಗೆ ಈ ಸರಪಳಿಯ ಯಾವುದೋ ಒಂದು ಕೊಂಡಿ ಕಳಚಿಹೋಗುತ್ತದೆ. ಸೋಪು ಹಚ್ಚಿಕೊಂಡವರು ಹಾಗೇ ನಿಂತುಬಿಡುತ್ತಾರೆ, ಮುಂದೇನು ಎಂಬುದು ಹೊಳೆಯುವುದಿಲ್ಲ. ಪಕ್ಕದಲ್ಲಿ ಮಗಳೋ ಸೊಸೆಯೋ ನಿಂತು 'ನೀರು ಹಾಕ್ಕೊಳ್ಳಮ್ಮ, ಹಾಂ, ಈಗ ಒರೆಸ್ಕೊ' ಎನ್ನುತ್ತಲೇ ಇರಬೇಕು. ಊಟಕ್ಕೆ ಮೊದಲು, ಊಟವಾದ ಮೇಲೆ, ಕಕ್ಕಸಿಗೆ ಹೋಗಿಬಂದ ಮೇಲೆ, ಹೀಗೆ ದಿನಕ್ಕೆ ಎಂಟು ಹತ್ತು ಸಲ. ಹೇಳುವವರಿಗೆ ಸಾಕುಸಾಕಾಗುತ್ತದೆ. ಹೇಳಿಸಿಕೊಳ್ಳುವವರು ಒಂದು ಕಾಲಕ್ಕೆ ಇದೇ ಮಕ್ಕಳ ಕೈ ತೊಳೆಸಿದವರು, ಅವರಿಗಾಗುವ ಸಂಕೋಚವನ್ನು ಅಳೆಯುವುದು ಕಷ್ಟ.

ಕೆನಡಾದ ಟೊರೊಂಟೊದಲ್ಲಿ ಅಲೆಕ್ಸ್ ಮಿಹೈಲಿಡಿಸ್ ಮತ್ತು ಅವರ ಸಂಗಡಿಗರು ಈ ಒಂದೇ ಒಂದು ಕೆಲಸಕ್ಕಾಗಿ ವರ್ಷಗಟ್ಟಲೆ ದುಡಿದು 'ಕೋಚ್' ಎಂಬ ವ್ಯವಸ್ಥೆ ಕಟ್ಟಿದರು. ಬೇಸಿನ್ನಿನ ಮೇಲೊಂದು ಕ್ಯಾಮೆರಾ. ಕೈ ಎಲ್ಲಿದೆ, ಟವೆಲ್ ಎಲ್ಲಿದೆ ಎಂದು ಕಂಪ್ಯೂಟರ್ ಗಮನಿಸುತ್ತಿರುತ್ತದೆ. ಹಿರಿಯರು ತಾವಾಗಿಯೇ ಕೆಲಸ ಮಾಡುತ್ತಿದ್ದರೆ ಅದು ಸುಮ್ಮನಿರುತ್ತದೆ, ತಡವರಿಸಿದರೆ ಮಾತ್ರ ಮುಂದಿನ ಹೆಜ್ಜೆಯನ್ನು ಹೇಳಿಕೊಡುತ್ತದೆ. 2008ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇದ್ದವರು 6 ಮಂದಿ ಹಿರಿಯರು. ಕಾಯಿಲೆ ಮಧ್ಯಮ ಹಂತದಲ್ಲಿದ್ದವರು ತಾವಾಗಿ ಪೂರೈಸಿದ ಹೆಜ್ಜೆಗಳು ಸರಾಸರಿ ಶೇ 11ರಷ್ಟು ಹೆಚ್ಚಿದವು. ನೋಡಿಕೊಳ್ಳುವವರು ನಡುವೆ ಬಾಯಿ ಹಾಕಬೇಕಾದ ಪ್ರಸಂಗಗಳು ಶೇ 60ರಷ್ಟು ಇಳಿದವು. ಆರು ಜನರ ಪ್ರಯೋಗ ತೀರ ಚಿಕ್ಕದು, ನಿಜ. ಆದರೆ ಅದರ ಹಿಂದಿನ ವಿಚಾರ ದೊಡ್ಡದು. ಮನುಷ್ಯನಿಗೆ ಎಷ್ಟು ಬೇಕೋ ಅಷ್ಟೇ ನೆರವು, ಉಳಿದದ್ದು ಅವನ ಕೈಯಲ್ಲೇ ಇರಲಿ ಎಂಬ ವಿಚಾರ.

ಇಷ್ಟು ವರ್ಷ ಕಳೆದರೂ ಆ ಬೇಸಿನ್ನು ಅಂಗಡಿಯಿಂದ ಕೊಂಡು ತರುವ ಸಾಮಾನಾಗಿ ಮನೆಮನೆಗೆ ಬರಲಿಲ್ಲ. ಹಿರಿಯರಿಗೆ ನೆರವಾಗುವ ಸಾಧನಗಳ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಾಣುವ ಕತೆ ಇದು. ಪ್ರಯೋಗಾಲಯದಲ್ಲಿ ಗೆದ್ದದ್ದು ಬಚ್ಚಲುಮನೆಯ ಬಾಗಿಲಲ್ಲಿ ನಿಂತುಬಿಡುತ್ತದೆ.

ಜಪಾನಿನ ಅನುಭವ ಇದಕ್ಕಿಂತ ಕಣ್ಣು ತೆರೆಸುವಂಥದ್ದು. ಅಲ್ಲಿ ಹತ್ತರಲ್ಲಿ ಹತ್ತಿರ ಹತ್ತಿರ ಮೂವರು 65 ದಾಟಿದವರು. ಆರೈಕೆಗೆ ಜನ ಸಿಗುತ್ತಿಲ್ಲ, ಆದ್ದರಿಂದ ಸರ್ಕಾರವೇ ರೋಬಾಟುಗಳಿಗೆ ಹಣ ಸುರಿಯಿತು. 2015ರಲ್ಲಿ ರಿಕೆನ್ ಸಂಸ್ಥೆ 'ರೋಬೇರ್' ಎಂಬ ಕರಡಿ ಮುಖದ ಯಂತ್ರವನ್ನು ತೋರಿಸಿತು. 140 ಕಿಲೋ ತೂಕ, ಹಾಸಿಗೆ ಹಿಡಿದವರನ್ನು ತೋಳಲ್ಲಿ ಎತ್ತಿ ಗಾಲಿಕುರ್ಚಿಗೆ ಕೂರಿಸುವ ಉದ್ದೇಶ. ಚಿತ್ರ ಜಗತ್ತೆಲ್ಲ ಓಡಾಡಿತು, ಯಂತ್ರ ಮಾತ್ರ ಸಂಶೋಧನೆಯ ಹಂತ ದಾಟಲಿಲ್ಲ. ತಕಾನೊರಿ ಶಿಬಾತ 1993ರಿಂದ ರೂಪಿಸಿದ 'ಪಾರೊ' ಎಂಬ ಸೀಲ್ ಮರಿಯ ಗೊಂಬೆ 2005ರಲ್ಲಿ ಮಾರುಕಟ್ಟೆಗೆ ಬಂತು. ನೇವರಿಸಿದರೆ ಕಣ್ಣು ಪಿಳುಕಿಸುತ್ತದೆ, ದನಿ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ 2009ರಲ್ಲಿ ವೈದ್ಯಕೀಯ ಸಾಧನವೆಂಬ ಮಾನ್ಯತೆಯೂ ದೊರೆಯಿತು. ಬೆಲೆ ಸುಮಾರು 6,000 ಡಾಲರ್, ಅಂದರೆ ಐದು ಲಕ್ಷ ರೂಪಾಯಿ. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಗೊಂಬೆ ಇಲ್ಲಿನ ಯಾರ ಮಡಿಲಿಗೂ ಬರುವಂಥದ್ದಲ್ಲ.

ಬೆಲೆಗಿಂತ ಮುಖ್ಯವಾದ ಸಂಗತಿಯನ್ನು ಜೇಮ್ಸ್ ರೈಟ್ ಎಂಬ ಮಾನವಶಾಸ್ತ್ರಜ್ಞ ಬರೆದಿದ್ದಾರೆ. ಜಪಾನಿನ ಒಂದು ವೃದ್ಧಾಶ್ರಮದಲ್ಲಿ ತಿಂಗಳುಗಟ್ಟಲೆ ಇದ್ದು ಅವರು ಮೂರು ಯಂತ್ರಗಳನ್ನು ಗಮನಿಸಿದರು. ಹಿರಿಯರನ್ನು ಎತ್ತುವ 'ಹಗ್' ಯಂತ್ರವನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವುದೇ ಕೆಲಸವಾಗಿ, ಸಿಬ್ಬಂದಿ ಕೆಲವೇ ದಿನಗಳಲ್ಲಿ ಅದನ್ನು ಬದಿಗಿಟ್ಟರು. ಪಾರೊವನ್ನು ತೀರ ಹಚ್ಚಿಕೊಂಡ ಒಬ್ಬ ಹಿರಿಯರು ಅದು ಪಕ್ಕದಲ್ಲಿಲ್ಲದಿದ್ದರೆ ಊಟಕ್ಕೇ ಒಪ್ಪುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡುವ 'ಪೆಪ್ಪರ್' ರೋಬಾಟಿನ ಕೀಚಲು ದನಿ ಹಿರಿಯರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದರ ಪಕ್ಕದಲ್ಲಿ ಒಬ್ಬ ಸಿಬ್ಬಂದಿ ನಿಂತು ಅದು ಹೇಳಿದ್ದನ್ನೇ ಮತ್ತೆ ಹೇಳಿ, ಅದು ಮಾಡಿದ್ದನ್ನೇ ಮಾಡಿ ತೋರಿಸಬೇಕಾಯಿತು. ಕೆಲಸ ಉಳಿಸಲು ಬಂದ ಯಂತ್ರ ಕೆಲಸ ಹೆಚ್ಚಿಸಿತು.

ಬ್ರಿಟನ್ನಿನ 'ಅಟಿಲಾ' ಪ್ರಯೋಗ ದೊಡ್ಡ ಪ್ರಮಾಣದ್ದು. ಮರೆವಿನ ಕಾಯಿಲೆಯ 495 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಎಚ್ಚರಿಕೆಯ ಗಂಟೆ, ಸಂವೇದಕಗಳ ಪೂರ್ತಿ ಕಟ್ಟು ಕೊಟ್ಟರು. ಇನ್ನೊಂದು ಗುಂಪಿಗೆ ಹೊಗೆ ಪತ್ತೆ ಸಾಧನದಂಥ ಒಂದೆರಡು ಮೂಲ ವಸ್ತುಗಳು ಮಾತ್ರ. 2021ರಲ್ಲಿ ಬಂದ ಫಲಿತಾಂಶ ನೇರವಾಗಿತ್ತು. ಹಿರಿಯರು ಸ್ವಂತ ಮನೆಯಲ್ಲಿ ಉಳಿಯುವ ಕಾಲ ಈ ಕಟ್ಟಿನಿಂದ ಹೆಚ್ಚಲಿಲ್ಲ.

ಇದರಿಂದ 'ಸಾಧನಗಳೇ ಬೇಡ, ಮನುಷ್ಯರಿದ್ದರೆ ಸಾಕು' ಎಂದು ತೀರ್ಮಾನಿಸುವುದು ಆತುರದ ಮಾತಾದೀತು. ನೋಡಿಕೊಳ್ಳುವ ಮನುಷ್ಯರು ಮನೆಯಲ್ಲಿ ಕಡಿಮೆಯಾಗುತ್ತಿರುವುದರಿಂದಲೇ ಈ ಚರ್ಚೆ ಹುಟ್ಟಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಆ ಸಂಖ್ಯೆ ಈಗ ಹಳೆಯದು, ಇಂದಿನ ಲೆಕ್ಕ ಇನ್ನೂ ದೊಡ್ಡದಿದ್ದೀತು. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಹೆಚ್ಚು. 'ಅರವತ್ತಕ್ಕೆ ಅರಳುಮರಳು' ಎಂದು ನಾಡು ಇಷ್ಟು ಕಾಲ ತಳ್ಳಿಹಾಕಿದ್ದರಲ್ಲಿ ಎಷ್ಟೋ ಪಾಲು ಕಾಯಿಲೆ.

ಹಾಗಾದರೆ ಯಾವ ಸಾಧನ ಕೆಲಸಕ್ಕೆ ಬರುತ್ತದೆ? ಉತ್ತರ ಹುಡುಕಲು ಜಪಾನಿಗೆ ಹೋಗಬೇಕಿಲ್ಲ, ಮನೆಯ ಬೀರು ತೆರೆದರೆ ಸಾಕು. ಸೀರೆಗಳ ಮಧ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ. ಒಳಗೆ ಕಿವಿ ಮಿಷನ್. ಮಗ ಕೊಡಿಸಿದ್ದೋ ಶಿಬಿರದಲ್ಲಿ ಸಿಕ್ಕಿದ್ದೋ, ಮೊದಲ ವಾರ ಹಾಕಿಕೊಂಡು ಆಮೇಲೆ ತೆಗೆದಿಟ್ಟದ್ದು. ಕೇಳಿದರೆ ಅಜ್ಜಿ ಹೇಳುವ ಮಾತು ಒಂದೇ: 'ಬರೀ ಗದ್ದಲ ಕಣೋ, ಕೂಂಯ್ ಅನ್ನುತ್ತೆ.'

ಅಜ್ಜಿಯ ದೂರು ಸುಳ್ಳಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದ ಮೆದುಳಿಗೆ ಒಮ್ಮೆಲೇ ಕುಕ್ಕರಿನ ಸೀಟಿ, ಮಿಕ್ಸಿ, ತಟ್ಟೆ ಲೋಟದ ಸದ್ದು ಎಲ್ಲವೂ ನುಗ್ಗಿಬರುತ್ತವೆ. ಅದಕ್ಕೆ ಒಗ್ಗಿಕೊಳ್ಳಲು ವಾರಗಳೇ ಬೇಕು. ಮೊದಲು ದಿನಕ್ಕೆ ಒಂದೆರಡು ಗಂಟೆ, ಶಾಂತವಾದ ಕೋಣೆಯಲ್ಲಿ, ಒಬ್ಬರೊಡನೆ ಮಾತಾಡುತ್ತ ಶುರು ಮಾಡಬೇಕು ಎಂದು ಯಾರೂ ಹೇಳಿರುವುದಿಲ್ಲ. ಕೂಂಯ್ ಎನ್ನುವುದಕ್ಕೆ ಸಾಮಾನ್ಯ ಕಾರಣ ಕಿವಿಯೊಳಗಿನ ಅಚ್ಚು ಸರಿಯಾಗಿ ಕೂರದೆ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗುವುದು. ಅಚ್ಚು ಬದಲಿಸಿದರೆ ಹೆಚ್ಚಿನ ಪಾಲು ನಿಲ್ಲುತ್ತದೆ. ಇನ್ನು ಸೆಲ್ಲು. ಅಂಗಿಯ ಗುಂಡಿಗಿಂತ ಚಿಕ್ಕದು, ಅದರ ಮೇಲೊಂದು ಬಣ್ಣದ ಸ್ಟಿಕ್ಕರ್. ಅದು ಸತುವು ಮತ್ತು ಗಾಳಿಯಿಂದ ನಡೆಯುವ ಸೆಲ್ಲು. ಸ್ಟಿಕ್ಕರ್ ಕಿತ್ತು ಗಾಳಿ ಒಳಹೊಕ್ಕ ಗಳಿಗೆಯಿಂದ, ಮಿಷನ್ ಹಾಕಿಕೊಳ್ಳಲಿ ಬಿಡಲಿ, ಅದು ಖರ್ಚಾಗತೊಡಗುತ್ತದೆ. ಒಂದೆರಡು ವಾರಕ್ಕೆ ಮುಗಿಯುತ್ತದೆ. ನಡುಗುವ ಬೆರಳು, ಮಂಜು ಕವಿದ ಕಣ್ಣು ಇರುವವರು ಅದನ್ನು ತೆಗೆದು ಇನ್ನೊಂದನ್ನು ಸರಿಯಾದ ಮಗ್ಗುಲಿಗೆ ಹಾಕುವುದು ಎಂಥ ಕಷ್ಟ ಎಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಬೇಕು. ಚಾರ್ಜ್ ಮಾಡುವ ಮಿಷನ್‌ಗಳು ಈಗ ಬಂದಿವೆ, ಆದರೆ ಅಜ್ಜಿಯ ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ ಹಳೆಯ ಬಗೆಯದು.

ಈ ಪುಟ್ಟ ಮಿಷನ್ನಿನ ಮೇಲೆ ಇಷ್ಟು ಮಾತು ಏಕೆಂದರೆ, ಡಿಮೆನ್ಷಿಯಾ ತಡೆಯುವ ವಿಚಾರದಲ್ಲಿ ಕಿವಿಗೆ ದೊಡ್ಡ ಪಾತ್ರವಿದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯದ ಅಂಶಗಳನ್ನು ಪಟ್ಟಿ ಮಾಡಿತು. ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂಬುದು ಅದರ ಅಂದಾಜು. ಆ ಪಟ್ಟಿಯಲ್ಲಿ ಅತಿ ಹೆಚ್ಚಿನ ಪಾಲು, ತಲಾ ಶೇ 7, ಎರಡಕ್ಕೆ: ಕಿವಿ ಮಂದವಾಗುವುದು ಮತ್ತು ಕೆಟ್ಟ ಕೊಲೆಸ್ಟರಾಲ್. ಅಮೆರಿಕದಲ್ಲಿ 977 ಹಿರಿಯರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಫಲಿತಾಂಶ ಹೊರಬಿದ್ದ 'ಅಚೀವ್' ಪ್ರಯೋಗವನ್ನೂ ಪ್ರಾಮಾಣಿಕವಾಗಿ ಓದಬೇಕು. ಒಟ್ಟು ಗುಂಪಿನಲ್ಲಿ ಕಿವಿ ಮಿಷನ್ನಿನಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಶೇ 48ರಷ್ಟು ತಗ್ಗಿತು. ಅಲ್ಲಿ ಮಿಷನ್ ಕೊಟ್ಟು ಕಳುಹಿಸಿಬಿಡಲಿಲ್ಲ. ತಜ್ಞರು ಮತ್ತೆ ಮತ್ತೆ ಕರೆಸಿ, ಸರಿಹೊಂದಿಸಿ, ಬಳಸುವುದನ್ನು ಕಲಿಸಿದ್ದರು. ಫಲ ಕೊಟ್ಟದ್ದು ಮಿಷನ್ ಮತ್ತು ಆ ಕೂಡಿಸಿಕೊಡುವ ಕೈ, ಎರಡೂ ಸೇರಿ.

ಊರುಗೋಲಿನ ಮಾತೂ ಹೀಗೇ. ಕೋಲು ಎಂದರೆ ಕೋಲು, ಅದರಲ್ಲೇನು ಸಂಶೋಧನೆ ಎನ್ನಿಸಬಹುದು. ಹಿರಿಯರು ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಕೋಲಿನ ಹಿಡಿ ಅಲ್ಲಿರಬೇಕು. ಅದಕ್ಕಿಂತ ಎತ್ತರವಿದ್ದರೆ ಭುಜ ಮೇಲೇಳುತ್ತದೆ, ಗಿಡ್ಡವಿದ್ದರೆ ಸೊಂಟ ಬಾಗುತ್ತದೆ. ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಹಳ ಮಂದಿ ನೋವಿರುವ ಕಡೆಗೇ ಹಿಡಿದು ನಡೆಯುತ್ತಾರೆ. ತುದಿಯ ರಬ್ಬರ್ ಸವೆದು ನುಣುಪಾದರೆ ಒದ್ದೆ ಗ್ರಾನೈಟ್ ನೆಲದ ಮೇಲೆ ಕೋಲೇ ಜಾರುತ್ತದೆ, ಕೋಲನ್ನು ನಂಬಿದವರು ಬೀಳುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ, ಅವರಲ್ಲಿ ದೊಡ್ಡ ಪಾಲು 60 ದಾಟಿದವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜನೋ ಅಜ್ಜಿಯೋ ಮತ್ತೆ ಎದ್ದು ಓಡಾಡದೆ ಹೋದದ್ದನ್ನು ಕಾಣದ ಬೀದಿ ಇಲ್ಲ.

ಬಡ ಹಿರಿಯರಿಗೆ ಇಂಥ ಸಾಧನ ಕೊಡಲು ಕೇಂದ್ರ ಸರ್ಕಾರ 2017ರ ಏಪ್ರಿಲ್ 1ರಂದು ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭಿಸಿತು. ಊರುಗೋಲು, ವಾಕರ್, ಗಾಲಿಕುರ್ಚಿ, ಕಿವಿ ಮಿಷನ್, ಹಲ್ಲುಸೆಟ್ಟು, ಕನ್ನಡಕ ಎಲ್ಲ ಅದರಲ್ಲಿವೆ. ಒಳ್ಳೆಯ ಯೋಜನೆ, ಮುಂದುವರಿಯಲೇಬೇಕು. ಆದರೆ ಶಿಬಿರದ ಯಶಸ್ಸನ್ನು ಹಂಚಿದ ಸಂಖ್ಯೆಯಿಂದ ಅಳೆಯುವ ರೂಢಿ ಬಿಡಬೇಕು. ಆರು ತಿಂಗಳ ನಂತರ ಎಷ್ಟು ಮಂದಿ ಅದನ್ನು ಬಳಸುತ್ತಿದ್ದಾರೆ ಎಂದು ಲೆಕ್ಕ ಹಾಕುವ ಕೆಲಸ ಯೋಜನೆಯ ಭಾಗವೇ ಆಗಬೇಕು. ಹಂಚಿಕೆಯ ದಿನ ವೇದಿಕೆ, ಹಾರ, ಫೋಟೊ ಇರುತ್ತವೆ. ರಬ್ಬರ್ ಸವೆದ ದಿನ ಯಾರ ಬಳಿ ಹೋಗಬೇಕು ಎಂಬುದು ಹಿರಿಯರಿಗೆ ಗೊತ್ತಿರುವುದಿಲ್ಲ.

ಈ ನೆಲದ ಬದುಕನ್ನು ನೋಡಿ ಹುಟ್ಟಿದ ಸಾಧನ ಹೇಗಿರುತ್ತದೆ ಎಂಬುದಕ್ಕೆ ದೇಶದಲ್ಲೇ ಉದಾಹರಣೆಗಳಿವೆ. 1968ರಲ್ಲಿ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಜೈಪುರ ಕಾಲನ್ನು ರೂಪಿಸಿದರು. ಪಾಶ್ಚಾತ್ಯ ಕೃತಕ ಕಾಲಿಗೆ ಬೂಟು ಬೇಕಿತ್ತು, ಅದನ್ನು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂರಲಾಗುತ್ತಿರಲಿಲ್ಲ. ಇವರ ರಬ್ಬರ್ ಪಾದ ಬರಿಗಾಲಲ್ಲಿ ಗದ್ದೆಯ ಕೆಸರಿಗಿಳಿಯಿತು, ಚಕ್ಕಳಮಕ್ಕಳ ಹಾಕಿ ಕೂತಿತು. ದೆಹಲಿಯ ಐಐಟಿಯಲ್ಲಿ ಎಂ. ಬಾಲಕೃಷ್ಣನ್ ಅವರ ತಂಡ ರೂಪಿಸಿ 2014ರಲ್ಲಿ ಹೊರಬಂದ 'ಸ್ಮಾರ್ಟ್‌ಕೇನ್' ದೃಷ್ಟಿ ಇಲ್ಲದವರ ಬಿಳಿಕೋಲಿಗೆ ಸಿಕ್ಕಿಸುವ ಸಾಧನ. ಕೋಲಿಗೆ ತಗಲದ, ಎದೆಮಟ್ಟದ ಕೊಂಬೆಯನ್ನೋ ನಿಂತ ಲಾರಿಯ ಹಿಂಬದಿಯನ್ನೋ ಮೂರು ಮೀಟರ್ ದೂರದಲ್ಲೇ ಶಬ್ದದಲೆಯಿಂದ ಹಿಡಿದು, ಹಿಡಿಯ ಕಂಪನದಲ್ಲಿ ತಿಳಿಸುತ್ತದೆ. ಬೆಲೆ ಸುಮಾರು 3,000 ರೂಪಾಯಿ ಇತ್ತು. ಮದ್ರಾಸ್ ಐಐಟಿಯ ಸುಜಾತಾ ಶ್ರೀನಿವಾಸನ್ ಅವರ ಕೇಂದ್ರ 2019ರಲ್ಲಿ ಹೊರತಂದ 'ಅರೈಸ್' ಗಾಲಿಕುರ್ಚಿ ಕೂತವರನ್ನು ತಾವಾಗಿಯೇ ಎದ್ದು ನಿಲ್ಲುವಂತೆ ಮಾಡಿತು. ಆಗ ಅದರ ಬೆಲೆ 15,000 ರೂಪಾಯಿ ಇತ್ತು. ಈ ಮೂರರ ಹಿಂದೆಯೂ ಬಳಸುವವರ ಜೊತೆ ವರ್ಷಗಳ ಒಡನಾಟವಿದೆ.

ಕರ್ನಾಟಕಕ್ಕೆ ಇಂಥ ಕೆಲಸಕ್ಕೆ ಬೇಕಾದದ್ದೆಲ್ಲ ಕೈಯಳತೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಹಳ್ಳಿಯ ಮೆದುಳು ಹೇಗೆ ಮುಪ್ಪಾಗುತ್ತದೆ ಎಂದು ಈ ಪ್ರಮಾಣದಲ್ಲಿ ನೋಡುವ ಪ್ರಯತ್ನ ಅಪರೂಪದ್ದು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕ್ಲಿನಿಕ್ ತೆರೆಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಅರವತ್ತರ ದಶಕದಿಂದಲೂ ಇದೆ. ಒಂದೂವರೆ ನೂರು ಕಿಲೋಮೀಟರಿನೊಳಗೆ ಮೆದುಳು, ಮನಸ್ಸು, ಕಿವಿ ಮೂರರ ತಜ್ಞರೂ, ಎಲೆಕ್ಟ್ರಾನಿಕ್ಸ್ ಬಲ್ಲ ಸಾವಿರಾರು ಎಂಜಿನಿಯರುಗಳೂ ಇದ್ದಾರೆ. ಕಾಯಿಲೆಯನ್ನು ಅರಿಯುವ ಸಂಶೋಧನೆಗೆ ಸಿಕ್ಕ ಬೆಂಬಲ, ಕಾಯಿಲೆಯ ಜೊತೆ ಬದುಕುವವರ ಬೆಳಗಿನ ಸ್ನಾನವನ್ನು ಸುಲಭ ಮಾಡುವ ಸಂಶೋಧನೆಗೂ ಸಿಗಬೇಕು.

ಅದು ಎಲ್ಲಿಂದ ಶುರುವಾಗಬೇಕು ಎಂದರೆ ಭಾಷೆಯಿಂದ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಮಹತ್ವದ ಸಂಗತಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಇಲ್ಲದವರಲ್ಲೂ ಈ ವ್ಯತ್ಯಾಸವಿತ್ತು. ಕಾಯಿಲೆ ಬಲಿತ ಮೇಲಿನ ಚಿತ್ರ ಬೇರೆ. ಎಷ್ಟೋ ಹಿರಿಯರು ನಡುವಯಸ್ಸಿನಲ್ಲಿ ಕಲಿತ ಇಂಗ್ಲಿಷು, ಹಿಂದಿಯನ್ನು ಬಿಟ್ಟು ತೊಟ್ಟಿಲ ಭಾಷೆಗೆ ಮರಳುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರು ಕೊನೆಗೆ ಬರೀ ತುಳುವಿನಲ್ಲಿ ಮಾತಾಡಬಹುದು. ಅಂಥವರಿಗೆ 'ಮಾತ್ರೆ ತಗೊಳ್ಳಿ' ಎಂದು ಅಮೆರಿಕನ್ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಹೇಳುವ ಪೆಟ್ಟಿಗೆ ಇದ್ದೂ ಇಲ್ಲದಂತೆ. ಧಾರವಾಡದ ಅಜ್ಜನಿಗೆ ಅದು 'ಗುಳಿಗಿ ತಗೋರಿ' ಎನ್ನಬೇಕು. ಶ್ರೀನಿವಾಸಪುರದಲ್ಲಿ ತೆಲುಗೂ ಬರಬೇಕು. ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಿದೆ. ಅಲ್ಲಿ ಹಿರಿಯರ ದನಿ, ಹಲ್ಲಿಲ್ಲದ ಬಾಯಿಯ ಉಚ್ಚಾರ, ನಿಧಾನದ ಮಾತು ತಕ್ಕಷ್ಟು ಸೇರುವಂತೆ ನೋಡಿಕೊಂಡರೆ, ನಾಳೆಯ ಸಾಧನ ಅಜ್ಜಿಯ ಮಾತನ್ನು ಅರ್ಥ ಮಾಡಿಕೊಂಡೀತು.

ಬಚ್ಚಲುಮನೆಯೂ ಒಂದು ಭಾಷೆಯೇ. ಟೊರೊಂಟೊದ ಕ್ಯಾಮೆರಾ ನೋಡುತ್ತಿದ್ದುದು ಬೇಸಿನ್ನನ್ನು, ಟವೆಲನ್ನು. ಇಲ್ಲಿ ಹಂಡೆ, ಬಕೆಟ್ಟು, ಚೊಂಬು, ಮಣೆ. ಮಣೆಯ ಮೇಲೆ ಕೂತವರು ಏಳುವಾಗ ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿಕೆ ಇದ್ದರೆ, ಮಣೆಯ ಬದಲು ಮೊಣಕಾಲೆತ್ತರದ ಗಟ್ಟಿ ಸ್ಟೂಲಿದ್ದರೆ ಎಷ್ಟು ಬೀಳುವಿಕೆ ತಪ್ಪೀತು ಎಂಬುದು ಯಾವುದೇ ರೋಬಾಟಿನಷ್ಟೇ ಯೋಗ್ಯವಾದ ಸಂಶೋಧನೆಯ ಪ್ರಶ್ನೆ.

ಕ್ಯಾಮೆರಾದ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳು ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದು ಅಪ್ಪ ಅಮ್ಮನ ನಡುಮನೆಯನ್ನು ಮೊಬೈಲಿನಲ್ಲಿ ನೋಡುವುದು ಈಗ ಸಾಮಾನ್ಯ. ಅದರ ಹಿಂದಿನ ಆತಂಕ ನಿಜವಾದದ್ದು, ಪ್ರೀತಿ ನಿಜವಾದದ್ದು. ಆದರೆ ಕ್ಯಾಮೆರಾ ಹಾಕುವ ಮುನ್ನ ಅವರನ್ನು ಕೇಳಬೇಕು, ಎಲ್ಲಿ ಹಾಕುತ್ತೇವೆ ಎಂದು ತೋರಿಸಬೇಕು, ಬೇಡವೆಂದರೆ ಕೇಳಿಸಿಕೊಳ್ಳಬೇಕು. ಜಪಾನಿನ ಇರುಮಾ ನಗರ 2016ರಲ್ಲಿ ದಾರಿ ತಪ್ಪುವ ಹಿರಿಯರ ಉಗುರಿಗೆ ಸೆಂಟಿಮೀಟರ್ ಅಗಲದ ಕ್ಯೂಆರ್ ಸ್ಟಿಕ್ಕರ್ ಅಂಟಿಸುವ ಏರ್ಪಾಡು ಮಾಡಿತು. ಅದೇ ಉದ್ದೇಶಕ್ಕೆ ಇಲ್ಲಿ ಅಂಗಿಯ ಒಳಮಡಿಕೆಗೆ ಮನೆಯ ಫೋನ್ ನಂಬರ್ ಹೊಲಿದರೂ ನಡೆಯುತ್ತದೆ. ಅವರನ್ನು ಹಗಲಿರುಳು ಕಾವಲಿನಲ್ಲಿಡದೆ ಕಾಪಾಡುವ ದಾರಿಗಳಿವೆ.

ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ನೆರವಿನ ಸಾಧನ ಬೇಕು, ಅವರಲ್ಲಿ ಸುಮಾರು 100 ಕೋಟಿ ಮಂದಿಗೆ ಅದು ಸಿಗುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೇಳಿದವು. ಊರುಗೋಲು, ಓದುವ ಕನ್ನಡಕದಂಥ ಸರಳ ಸಾಧನಗಳನ್ನು ಅಳತೆ ನೋಡಿ ಕೊಡಲು ಆರೋಗ್ಯ ಕಾರ್ಯಕರ್ತರಿಗೆ ಕಲಿಸುವ ಆನ್‌ಲೈನ್ ಪಾಠಗಳನ್ನೂ ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದೆ. ರಾಜ್ಯ ಸರ್ಕಾರ ಅವನ್ನು ಕನ್ನಡಕ್ಕೆ ತಂದು ಆಶಾ ಕಾರ್ಯಕರ್ತೆಯರಿಗೆ ಕಲಿಸಲಿ, ಆ ಕೆಲಸಕ್ಕೆ ಬೇರೆಯಾಗಿ ಗೌರವಧನವನ್ನೂ ಕೊಡಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಒಬ್ಬ ಶ್ರವಣ ತಜ್ಞ, ಒಬ್ಬ ಫಿಸಿಯೋಥೆರಪಿಸ್ಟ್ ಕೂರಲಿ. ಹೊಸ ಸಾಧನ ಕೊಡುವುದಕ್ಕಿಂತ ಮೊದಲು ಹಳೆಯದನ್ನು ಸರಿಮಾಡಿ ಕೊಡಲಿ.

ಸರ್ಕಾರ ಮಾಡುವವರೆಗೆ ಓದುಗರು ಕಾಯಬೇಕಿಲ್ಲ. ಈ ಭಾನುವಾರ ಬೀರು ತೆರೆದು ಆ ಡಬ್ಬಿಯನ್ನು ಹೊರಗೆ ತೆಗೆಯಿರಿ. ಹೊಸ ಸೆಲ್ಲು ಹಾಕಿ, ಟಿವಿ ಆರಿಸಿ, ಅಜ್ಜಿಯ ಎದುರು ಕೂತು ಹತ್ತು ನಿಮಿಷ ಮಾತಾಡಿ. ಕೂಂಯ್ ಎಂದರೆ ಸೋಮವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಶ್ರವಣ ತಜ್ಞರ ಬಳಿ ಹೋಗಿ ಅಚ್ಚು ಬದಲಿಸಿಕೊಂಡು ಬನ್ನಿ.